ದಕ್ಷಿಣ ದ್ವಾರದಲ್ಲೇ ನಿಂತ ಗರುಡ ಪುರಾಣ: ಹದಿಮೂರು ದಿನದ ಅಪರಕರ್ಮ ಸೇವೆಯೊಂದರ ವಿಮರ್ಶೆ

ಕಳೆದ ವರ್ಷ ಕಾರ್ತಿಕ ಬಹುಳ ದ್ವಾದಶಿಯ ನಸುಕಿನಲ್ಲಿ ಅಪ್ಪ ಮೈಸೂರಿನ ಆಸ್ಪತ್ರೆಯೊಂದರ ಐ.ಸಿ.ಯು.ನಲ್ಲಿ ತೀರಿಕೊಂಡರು. ಬೆಳಗ್ಗೆ ಎಂಟು ಗಂಟೆಯೊಳಗೆ, ಪರಿಚಿತರೊಬ್ಬರು ಕೊಟ್ಟ ನಂಬರಿಗೆ ಫೋನ್ ಮಾಡಿ, ಹದಿಮೂರು ದಿನದ ಅಪರಕರ್ಮವನ್ನು, ಅಂದರೆ ಸಾವಿನ ನಂತರದ ಕ್ರಿಯೆಗಳನ್ನು, ಮೊದಲಿನಿಂದ ಕೊನೆಯವರೆಗೆ ನಡೆಸಿಕೊಡುವ ಸೇವೆಯೊಂದನ್ನು ನಾನೇ ಗೊತ್ತುಮಾಡಿದೆ. ಮದುವೆಯ ಅಡುಗೆಯವರನ್ನು ಗೊತ್ತುಮಾಡುವ ಮುನ್ನ ಹತ್ತು ಜನರನ್ನು ವಿಚಾರಿಸುವ ನಾವು, ಸಾವಿನ ಮನೆಗೆ ಬರುವವರ ವಿಷಯದಲ್ಲಿ ಯಾರನ್ನೂ ವಿಚಾರಿಸುವ ಸ್ಥಿತಿಯಲ್ಲಿರುವುದಿಲ್ಲ. ಆ ಹೊತ್ತಿಗೆ ಯಾರು ಫೋನಿಗೆ ಸಿಕ್ಕಿದರೋ ಅವರೇ ಬರುತ್ತಾರೆ. ಆದ್ದರಿಂದ, ವರ್ಷಾಬ್ದಿಕ ಹತ್ತಿರವಾಗುತ್ತಿರುವ ಈ ದಿನಗಳಲ್ಲಿ, ಆ ಸೇವೆಯ ಬಗ್ಗೆ, ಅದರಲ್ಲೂ ಅದರ ಅಂಗವಾಗಿ ಸಂಜೆಗಳಲ್ಲಿ ನಡೆದ ಗರುಡ ಪುರಾಣದ ಓದಿನ ಬಗ್ಗೆ, ಮುಂದೆ ಇಂಥ ಏರ್ಪಾಡು ಮಾಡಬೇಕಾಗುವವರಿಗೆ ನೆರವಾಗಲೆಂದು ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರನ್ನು ಹೇಳುವುದಿಲ್ಲ. ನನ್ನ ಆಕ್ಷೇಪ ಅವರೊಬ್ಬರಿಗೇ ಸಂಬಂಧಿಸಿದ್ದಲ್ಲ. ಬೇರೆಯವರಿಂದ ಇದೇ ಸೇವೆ ಪಡೆದ ಎರಡು ಮೂರು ಮನೆಗಳವರಿಂದಲೂ ಇದೇ ಮಾತು ಕೇಳಿದ್ದೇನೆ.

ಒಟ್ಟು 1,20,000 ರೂಪಾಯಿಗೆ ಅವರು ಒಪ್ಪಿಕೊಂಡದ್ದು ಇಷ್ಟು: ಪುರೋಹಿತರು ಮತ್ತು ಪರಿಚಾರಕರು, ದರ್ಭೆ ಎಳ್ಳಿನಿಂದ ಹಿಡಿದು ಎಲ್ಲ ಸಾಮಗ್ರಿ, ಶ್ರೀರಂಗಪಟ್ಟಣದ ಬಳಿಯ ಪಶ್ಚಿಮವಾಹಿನಿಯಲ್ಲಿ ಅಸ್ಥಿ ವಿಸರ್ಜನೆ, ದಶದಾನ ಎಂಬ ಹತ್ತು ಬಗೆಯ ದಾನ, ಹತ್ತನೆಯ ದಿನದಿಂದ ಹನ್ನೆರಡನೆಯ ದಿನದವರೆಗೆ ನದಿಯ ದಡದ ಛತ್ರದಲ್ಲಿ ಜಾಗ, ಬ್ರಾಹ್ಮಣ ಭೋಜನದ ಅಡುಗೆ, ಮತ್ತು ಒಂಬತ್ತು ಸಂಜೆ ಮನೆಗೆ ಬಂದು ಗರುಡ ಪುರಾಣದ ಓದು. ಫೋನಿನಲ್ಲಿ ಮೊದಲು ಕೇಳಿದ್ದು ಗೋತ್ರ, ಸೂತ್ರ. ಆಮೇಲೆ ಪ್ರಾಣ ಹೋದ ನಿಖರವಾದ ಸಮಯ. ಧನಿಷ್ಠೆಯಿಂದ ರೇವತಿಯವರೆಗಿನ ನಕ್ಷತ್ರಗಳಲ್ಲಿ ಸಾವಾದರೆ ಪಂಚಕದ ಶಾಂತಿ ಮಾಡಿಸಬೇಕು, ಎಷ್ಟೋ ಕಡೆ ತಿಂಗಳುಗಟ್ಟಲೆ ಮನೆಗೆ ಬೀಗ ಹಾಕಿ ಬೇರೆಡೆ ಇರಬೇಕು ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಅಂದಿನದು ಚಿತ್ತಾ ನಕ್ಷತ್ರ ಎಂದು ಅತ್ತ ಕಡೆಯವರು ಪಂಚಾಂಗ ನೋಡಿ ಹೇಳಿದಾಗ, ಹೆಣ ಇನ್ನೂ ಮನೆಗೆ ಬರುವ ಮೊದಲೇ, ನಮ್ಮ ಸೋದರತ್ತೆ "ಸದ್ಯ" ಎಂದು ಕೈಮುಗಿದರು. ಅಳುವುದಕ್ಕಿಂತ ಮೊದಲು ನಮ್ಮ ಮನೆಯಲ್ಲಿ ಹೊರಬಿದ್ದ ಮಾತು ಅದು.

ಕರ್ಮಾಂಗದ ಬಗ್ಗೆ ನನ್ನಲ್ಲಿ ಒಂದು ದೂರೂ ಇಲ್ಲ. ಪುರೋಹಿತರು ಹೇಳಿದ ಹೊತ್ತಿಗೆ ಬಂದರು, ಸಾಮಗ್ರಿಯಲ್ಲಿ ಕೊರತೆಯಾಗಲಿಲ್ಲ, ಹನ್ನೆರಡನೆಯ ದಿನದ ಸಪಿಂಡೀಕರಣವನ್ನು, ಅಂದರೆ ಹೋದವರನ್ನು ಪಿತೃಗಳೊಂದಿಗೆ ಸೇರಿಸುವ ಕ್ರಿಯೆಯನ್ನು, ಅವಸರವಿಲ್ಲದೆ, ಒಂದೊಂದು ಹಂತದ ಅರ್ಥವನ್ನು ನನ್ನ ತಮ್ಮನಿಗೆ ತಿಳಿಸಿ ಮಾಡಿಸಿದರು. ಅಡುಗೆ ಶುಚಿಯಾಗಿತ್ತು. ಈಗ ಅನೇಕರು ಹತ್ತು ದಿನದ ಪಿಂಡಗಳನ್ನು ಕೊನೆಯಲ್ಲಿ ಒಟ್ಟಿಗೇ ಹಾಕಿ ಮುಗಿಸುತ್ತಾರೆ. ಅಮ್ಮ ದಿನವೂ ಆಗಬೇಕೆಂದಾಗ, ಇವರು ಹೆಚ್ಚು ಹಣ ಕೇಳದೆ ದಿನವೂ ಬಂದರು.

ಹೀಗೆ ದಿನವೂ ಮಾಡಿಸಿದ್ದರಿಂದಲೇ ನನಗೆ ಒಂದು ವಿಷಯ ಹತ್ತಿರದಿಂದ ಕಾಣಿಸಿತು. ಗರುಡ ಪುರಾಣದ ಪ್ರಕಾರ, ಸುಟ್ಟುಹೋದ ದೇಹದ ಬದಲಿಗೆ ಪ್ರೇತಕ್ಕೆ, ಎಂದರೆ ದೇಹ ಬಿಟ್ಟ ಜೀವಕ್ಕೆ, ಒಂದು ಮೊಳದಷ್ಟು ಉದ್ದದ ಇನ್ನೊಂದು ದೇಹ ಈ ಪಿಂಡಗಳಿಂದಲೇ ಬೆಳೆಯುತ್ತದೆ. ಮೊದಲ ದಿನದ ಪಿಂಡದಿಂದ ತಲೆ, ಎರಡನೆಯದರಿಂದ ಕುತ್ತಿಗೆ ಮತ್ತು ಹೆಗಲು, ಮೂರನೆಯದರಿಂದ ಹೃದಯ, ನಾಲ್ಕರಿಂದ ಬೆನ್ನು, ಐದರಿಂದ ನಾಭಿ, ಹೀಗೆಯೇ ಸೊಂಟ, ತೊಡೆ, ಮಂಡಿ, ಪಾದ. ಹತ್ತನೆಯ ದಿನದ ಪಿಂಡದಿಂದ ಹುಟ್ಟುವುದು ಅಂಗವಲ್ಲ, ಹಸಿವು ಮತ್ತು ಬಾಯಾರಿಕೆ. ಪ್ರತಿ ಪಿಂಡದಲ್ಲೂ ನಾಲ್ಕು ಪಾಲು: ಎರಡು ದೇಹಕ್ಕೆ, ಮೂರನೆಯದು ಯಮದೂತರಿಗೆ, ನಾಲ್ಕನೆಯದು ಪ್ರೇತ ತಾನೇ ಉಣ್ಣುವುದಕ್ಕೆ. ನನ್ನ ತಮ್ಮ ಒದ್ದೆ ಪಂಚೆಯಲ್ಲಿ ಕುಳಿತು, ಬಿಸಿ ಆರದ ಅನ್ನವನ್ನು ಎಳ್ಳಿನೊಂದಿಗೆ ಕಲಸಿ, ಅಂಗೈಯಲ್ಲಿ ಉಂಡೆ ಕಟ್ಟಿ ದರ್ಭೆಯ ಮೇಲೆ ಇಡುವುದನ್ನು ಅಮ್ಮ ಬಾಗಿಲ ಬಳಿ ನಿಂತು ನೋಡುತ್ತಿದ್ದರು. ನಾಲ್ಕನೆಯ ದಿನ "ಇವತ್ತು ಬೆನ್ನು" ಎಂದರು. ಅಪ್ಪನಿಗೆ ಕೊನೆಯ ಮೂರು ವರ್ಷ ಬೆನ್ನುನೋವಿತ್ತು. ದಿನವೂ ರಾತ್ರಿ ಎಣ್ಣೆ ಹಚ್ಚುತ್ತಿದ್ದವರು ಅಮ್ಮ. ಅಂದು ಅವರ ಮುಖದಲ್ಲಿ ಕಂಡದ್ದನ್ನು ಭಯ ಎನ್ನಲಾರೆ. ಸತ್ತವರಿಗಾಗಿ ಮಾಡಬಹುದಾದ ಕೆಲಸ ಇನ್ನೂ ಉಳಿದಿದೆ, ಅದನ್ನು ಮಗ ಸರಿಯಾಗಿ ಮಾಡುತ್ತಿದ್ದಾನೆ ಎಂಬ ನೆಮ್ಮದಿ ಅದು. ಪರಲೋಕದ ನಂಬಿಕೆಗಳೆಲ್ಲ ಭಯದಿಂದಲೇ ಹುಟ್ಟಿದವು ಎನ್ನುವವರು ಒಮ್ಮೆ ಈ ಹತ್ತು ದಿನಗಳನ್ನು ಹತ್ತಿರದಿಂದ ನೋಡಬೇಕು.

ಆದರೆ ಹಗಲು ಈ ಕೈಕೆಲಸ ಕೊಟ್ಟ ನೆಮ್ಮದಿಯನ್ನು ಸಂಜೆಯ ಓದು ಕಿತ್ತುಕೊಳ್ಳುತ್ತಿತ್ತು.

ಸಾವಿನ ಮನೆಯಲ್ಲಿ "ಗರುಡ ಪುರಾಣ" ಎಂದು ಓದುವುದು ಸಾಮಾನ್ಯವಾಗಿ ಹದಿನೆಂಟು ಮಹಾಪುರಾಣಗಳಲ್ಲಿ ಒಂದಾದ ಆ ದೊಡ್ಡ ಗ್ರಂಥವನ್ನಲ್ಲ. ದೊಡ್ಡ ಗ್ರಂಥದ ಪೂರ್ವಖಂಡದಲ್ಲಿ ರತ್ನಪರೀಕ್ಷೆ, ವೈದ್ಯ, ವ್ಯಾಕರಣ, ಛಂದಸ್ಸು, ನೀತಿ ಎಲ್ಲವೂ ಇವೆ. ಸಾವು ಮತ್ತು ಸಾವಿನ ನಂತರದ ವಿಷಯ ಬರುವುದು ಪ್ರೇತಕಲ್ಪ ಎಂಬ ಭಾಗದಲ್ಲಿ. ಆ ವಿಷಯವನ್ನು 16 ಅಧ್ಯಾಯಗಳಲ್ಲಿ ಸಂಗ್ರಹಿಸಿ ನೌನಿಧಿರಾಮ ಎಂಬ ವಿದ್ವಾಂಸರು ಮಾಡಿದ ಸಾರೋದ್ಧಾರವೇ ಬಹಳ ಕಡೆ ಓದಿಗೆ ಬಳಕೆಯಲ್ಲಿದೆ. ನಮ್ಮ ಮನೆಗೆ ಬಂದದ್ದೂ ಅದೇ. ಮೊದಲ ಐದು ಅಧ್ಯಾಯಗಳು ಯಮಮಾರ್ಗ, ಆ ದಾರಿಯಲ್ಲಿ ದಾಟಬೇಕಾದ ವೈತರಣಿ ನದಿ, ನರಕಗಳು ಮತ್ತು ಪಾಪಿಗಳು ಹೊತ್ತು ಹುಟ್ಟುವ ಗುರುತುಗಳ ಬಗ್ಗೆ ಇವೆ. ನಡುವಿನವು ಹೆಚ್ಚಾಗಿ ಮರಣಕಾಲದ ದಾನ, ದಹನ, ಪಿಂಡ, ಸಪಿಂಡೀಕರಣದ ವಿಧಿಗಳು. 14ನೆಯದು ಧರ್ಮರಾಜನ ನಗರದ ವರ್ಣನೆ. ಕೊನೆಯದು, 16ನೆಯದು, ಮೋಕ್ಷಧರ್ಮ. ಈ ವಿಂಗಡಣೆ ನನಗೆ ಆಗ ತಿಳಿದಿರಲಿಲ್ಲ, ಓದುವವರು ತಿಳಿಸಲೂ ಇಲ್ಲ. ತಿಳಿದಿದ್ದರೆ ಮೊದಲ ದಿನವೇ ಒಂದೆರಡು ಮಾತು ಕೇಳುತ್ತಿದ್ದೆ.

ಮೊದಲ ಐದು ಸಂಜೆ ಬಂದವರು ಮೂವತ್ತರ ಒಳಗಿನ ಯುವಕರು. ಸಂಸ್ಕೃತದ ಉಚ್ಚಾರಣೆ ಸ್ಪಷ್ಟವಾಗಿತ್ತು, ಕಂಠವೂ ಚೆನ್ನಾಗಿತ್ತು. ಹದಿನೈದು ಜನ ಕೂತಿದ್ದ ಹಜಾರಕ್ಕೆ ಬೇಕಿಲ್ಲದ ಒಂದು ಮೈಕನ್ನೂ ತಂದಿದ್ದರು. ಹದಿಮೂರನೆಯ ದಿನ ಯಮದೂತರು ಪ್ರೇತವನ್ನು ಪಾಶದಿಂದ ಬಿಗಿದು, ಹಿಡಿದ ಕೋತಿಯನ್ನು ಎಳೆದೊಯ್ಯುವಂತೆ ಎಳೆದೊಯ್ಯುತ್ತಾರೆ ಎಂಬ ಶ್ಲೋಕ ಬಂದಾಗ, ಅವರು ಪುಸ್ತಕ ಕೆಳಗಿಟ್ಟು ತಮ್ಮ ಎರಡು ಮಣಿಕಟ್ಟುಗಳನ್ನು ಜೋಡಿಸಿ ತೋರಿಸಿದರು. ಅಮ್ಮ ನನ್ನ ಕೈಯನ್ನು ಹಿಡಿದುಕೊಂಡದ್ದು ಆಗ. ಆಸ್ಪತ್ರೆಯಲ್ಲಿ ಕೊನೆಯ ನಾಲ್ಕು ದಿನ, ಮೂಗಿನ ಮತ್ತು ಗಂಟಲಿನ ನಳಿಕೆಗಳನ್ನು ಕಿತ್ತುಕೊಳ್ಳದಿರಲಿ ಎಂದು ಅಪ್ಪನ ಎರಡೂ ಕೈಗಳನ್ನು ಮಂಚದ ಸರಳಿಗೆ ಬಟ್ಟೆಯ ಪಟ್ಟಿಯಿಂದ ಕಟ್ಟಿದ್ದರು. ದಿನಕ್ಕೆ ಎರಡು ಬಾರಿ ಹತ್ತು ಹತ್ತು ನಿಮಿಷ ಒಳಗೆ ಬಿಡುತ್ತಿದ್ದಾಗ ಅಮ್ಮ ನೋಡುತ್ತಿದ್ದದ್ದು ಆ ಪಟ್ಟಿಗಳನ್ನೇ. ಬಾಯಿಗೆ ಗಂಗೋದಕ ಬಿಡಲೂ ಆಗಿರಲಿಲ್ಲ. ಇದನ್ನು ಓದುವವರು ತಿಳಿದಿರಬೇಕಿತ್ತು ಎಂದು ನಾನು ಹೇಳುವುದಿಲ್ಲ; ಆದರೆ ಸಾವು ಹೇಗಾಯಿತೆಂದು ಒಂದು ಮಾತು ಕೇಳಿದ್ದರೆ ತಿಳಿಯುತ್ತಿತ್ತು. ಇಂದು ನಮ್ಮ ಊರುಗಳಲ್ಲಿ ಸಾಯುವವರಲ್ಲಿ ಎಷ್ಟೋ ಜನ ಹೀಗೆಯೇ, ನಳಿಕೆಗಳ ನಡುವೆ, ತಮ್ಮವರಿಲ್ಲದ ಕೋಣೆಯಲ್ಲಿ ಸಾಯುತ್ತಾರೆ. ಪಾಶದ ಮಾತನ್ನು ಅಂಥ ಮನೆಯಲ್ಲಿ ಓದುವಾಗ ಕೈ ಕಟ್ಟಿ ತೋರಿಸುವ ಅಗತ್ಯವಿಲ್ಲ.

ಮರುದಿನದ ಓದಿನಲ್ಲಿ ದಾರಿಯ ಅಳತೆ ಬಂತು. ಯಮಲೋಕಕ್ಕೆ 86,000 ಯೋಜನ, ಪ್ರೇತ ಹಗಲೂ ರಾತ್ರಿಯೂ ನಡೆದು ಕ್ರಮಿಸುವುದು ದಿನಕ್ಕೆ 247 ಯೋಜನ. ನನ್ನ ತಮ್ಮ ಮೊಬೈಲಿನಲ್ಲಿ ಭಾಗಿಸಿ ನೋಡಿ ನನಗೆ ತೋರಿಸಿದ: 348 ದಿನ. ಚಾಂದ್ರಮಾನದ ವರ್ಷಕ್ಕೆ 354 ದಿನ. ತಿಂಗಳು ತಿಂಗಳು ಮಾಸಿಕ, ವರ್ಷ ತುಂಬುವಾಗ ವರ್ಷಾಬ್ದಿಕ ಎಂದು ನಾವು ಇಟ್ಟುಕೊಂಡಿರುವ ಲೆಕ್ಕ ಆ ನಡಿಗೆಯ ಲೆಕ್ಕಕ್ಕೆ ಎಷ್ಟು ಹತ್ತಿರವಾಗಿ ಕೂಡುತ್ತದೆ ಎಂಬುದು ನನಗೆ ಆಗ ಹೊಳೆಯಿತು. ದಾರಿಯಲ್ಲಿ 16 ಪಟ್ಟಣಗಳಿವೆ. ಮಾಸಿಕಗಳ ಪಿಂಡವೇ ಅಲ್ಲಿ ಪ್ರೇತಕ್ಕೆ ಬುತ್ತಿ. ಓದುವವರು ಇದನ್ನು ಒಂದೇ ಉಸಿರಿಗೆ ಹೇಳಿ ಮುಂದೆ ಹೋದರು, ಮತ್ತು ಮುಂದಿನ ಮುಕ್ಕಾಲು ಗಂಟೆಯನ್ನು ಕಾದ ಮರಳು, ಕತ್ತಿಯಂಥ ಎಲೆಗಳ ಕಾಡು, ಕೀವು ರಕ್ತ ತುಂಬಿದ 100 ಯೋಜನ ಅಗಲದ ವೈತರಣಿ ಇವುಗಳಿಗೆ ಕೊಟ್ಟರು. ತಾಮಿಸ್ರ, ರೌರವ, ಮಹಾರೌರವ, ಕಾಲಸೂತ್ರ, ಕುಂಭೀಪಾಕ ಎಂದು ನರಕಗಳ ಹೆಸರು ಹೇಳುವಾಗ ಅವರ ಧ್ವನಿ ಏರುತ್ತಿತ್ತು, ಕೂತಿದ್ದ ಮಕ್ಕಳು ಹತ್ತಿರ ಹತ್ತಿರ ಸರಿಯುತ್ತಿದ್ದರು. ಆ ರಾತ್ರಿಯಿಂದ ಅಮ್ಮ ದೀಪ ಆರಿಸಿ ಮಲಗುವುದನ್ನು ಬಿಟ್ಟರು. "ಅವರು ಈಗ ಎಲ್ಲಿರಬಹುದೇ?" ಎಂದು ಮಧ್ಯರಾತ್ರಿ ನನ್ನನ್ನು ಕೇಳುತ್ತಿದ್ದರು. ಐದನೆಯ ರಾತ್ರಿ ಆ ಪ್ರಶ್ನೆ ಬದಲಾಯಿತು: "ನಾನು ಹೋದಾಗ ಆ ನದೀನ ಒಬ್ಬಳೇ ದಾಟಬೇಕಾ?"

ನಾಲ್ಕನೆಯ ಸಂಜೆ ವೈತರಣಿಯ ಪ್ರಸಂಗ ಮುಗಿದ ಕೂಡಲೇ, ಮಂಗಳಾರತಿಗೂ ಮೊದಲು, ಜೊತೆಗೆ ಬಂದಿದ್ದ ವ್ಯವಸ್ಥಾಪಕರು ವೈತರಣಿ ಗೋದಾನಕ್ಕೆ 15,000 ರೂಪಾಯಿ ಪ್ರತ್ಯೇಕ ಎಂದರು. ಒಪ್ಪಂದದಲ್ಲಿ "ದಶದಾನ ಸೇರಿದೆ" ಎಂದು ಬರೆದದ್ದನ್ನು ನಾನು ತೋರಿಸಿದಾಗ, ದಶದಾನದ ಗೋವು ಬೇರೆ, ವೈತರಣಿಯ ಗೋವು ಬೇರೆ ಎಂದರು. ಶಾಸ್ತ್ರದ ಪ್ರಕಾರ ಅದು ಬೇರೆಯೇ ಇರಬಹುದು; ಹಾಗಿದ್ದರೆ ಮೊದಲ ದಿನವೇ ಪಟ್ಟಿಯಲ್ಲಿ ಹಾಕಬೇಕಿತ್ತು. ನಾನು ಯೋಚಿಸುತ್ತಿರುವಾಗ ಅವರು ನನ್ನನ್ನು ಬಿಟ್ಟು ಅಮ್ಮನ ಕಡೆ ತಿರುಗಿ, "ಕೊಡದಿದ್ದರೆ ದೋಣಿ ಸಿಗೋಲ್ಲ ಅಮ್ಮಾ, ದಡದಲ್ಲೇ ನಿಲ್ಲಬೇಕಾಗುತ್ತೆ" ಎಂದರು. ಅಮ್ಮ ಎದ್ದು ಒಳಗೆ ಹೋಗಿ ಬೀರುವಿನಿಂದ ಹಣ ತಂದುಕೊಟ್ಟರು. ಹಣ ಹೋದದ್ದಕ್ಕೆ ನನಗೆ ಬೇಸರವಿಲ್ಲ. ಅಪ್ಪನ ಹೆಸರಿನಲ್ಲಿ ಇನ್ನೂ ಹತ್ತು ಪಟ್ಟು ದಾನ ಮಾಡಲು ನಾವು ಸಿದ್ಧರಿದ್ದೆವು. ನಾಲ್ಕು ದಿನದ ಹಿಂದೆ ಗಂಡನನ್ನು ಕಳೆದುಕೊಂಡ ಹೆಂಗಸಿಗೆ ಆ ಮಾತನ್ನು, ಆ ಗಳಿಗೆಯಲ್ಲಿ ಹೇಳಿದ್ದು ತಪ್ಪು. ಇಡೀ ಸೇವೆಯಲ್ಲಿ ನಾನು ಕ್ಷಮಿಸಲಾರದ ಭಾಗ ಇದೊಂದೇ.

ಆರನೆಯ ಸಂಜೆ ಆ ಯುವಕರಿಗೆ ಬೇರೆ ಕಡೆ ಕಾರ್ಯಕ್ರಮವಿದ್ದುದರಿಂದ ಎಪ್ಪತ್ತು ದಾಟಿದ ಶಾಸ್ತ್ರಿಗಳೊಬ್ಬರು ಬಂದರು. ಮೈಕು ಬೇಡವೆಂದರು. ಪುಸ್ತಕ ಬಿಚ್ಚುವ ಮೊದಲು ಅಪ್ಪನ ಫೋಟೋದ ಮುಂದೆ ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಅಮ್ಮನ ಎದುರಿಗೆ ಕುಳಿತರು.

"ತಾಯಿ, ನಿಮ್ಮ ಯಜಮಾನರು ಏನು ಕೆಲಸದಲ್ಲಿದ್ದರು?"

"ಸಣ್ಣ ನೀರಾವರಿ ಇಲಾಖೇಲಿ, ಶಾಸ್ತ್ರಿಗಳೇ. ಕೆರೆ ಏರಿ, ತೂಬು ರಿಪೇರಿ ಅಂತ ಊರೂರು ಸುತ್ತುತಾ ಇದ್ದರು. ಮಂಡ್ಯ ಜಿಲ್ಲೇಲೇ ಇಪ್ಪತ್ತು ವರ್ಷ."

"ಹಾಗಾದರೆ ಇವತ್ತು ಬಾಗಿಲುಗಳ ವಿಷಯ ಓದೋಣ" ಎಂದು ಅವರು ನಡುವಿನ ಅಧ್ಯಾಯಗಳನ್ನು ಬಿಟ್ಟು ನಾಲ್ಕನೆಯದನ್ನೂ ಹದಿನಾಲ್ಕನೆಯದನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿದರು. ಯಮನ ಪಟ್ಟಣಕ್ಕೆ ನಾಲ್ಕು ದ್ವಾರಗಳು. ಪಾಪಿಗಳನ್ನು ಒಯ್ಯುವುದು ದಕ್ಷಿಣ ದ್ವಾರದಿಂದ ಮಾತ್ರ, ಹಿಂದಿನ ಐದು ಸಂಜೆ ನಾವು ಕೇಳಿದ ಭಯಂಕರ ವರ್ಣನೆಯೆಲ್ಲ ಆ ದ್ವಾರದ ದಾರಿಯದು. ಯಾರು ಆ ದ್ವಾರದಿಂದ ಹೋಗುತ್ತಾರೆ ಎಂಬ ಪಟ್ಟಿಯಲ್ಲಿ ಕೆರೆ ಬಾವಿಗಳನ್ನು ಒಡೆದು ಹಾಳುಮಾಡಿದವರು ಇದ್ದಾರೆ. ಉಳಿದ ಮೂರು ದ್ವಾರಗಳಿಂದ ಒಳಗೆ ಹೋಗುವವರ ಪಟ್ಟಿಯಲ್ಲಿ ಬೇಸಗೆಯಲ್ಲಿ ನೀರು ಕೊಟ್ಟವರು, ಮಾಘದ ಚಳಿಯಲ್ಲಿ ಸೌದೆ ಕೊಟ್ಟವರು, ದಣಿದು ಬಂದವರಿಗೆ ತಂಗಲು ಎಡೆ ಕೊಟ್ಟವರು ಇದ್ದಾರೆ. "ಕೆರೆ ಒಡೆದವನಿಗೆ ಹೇಳಿದ ದಾರಿಯಲ್ಲಿ ಕೆರೆ ಉಳಿಸಿದವರನ್ನ ಯಾಕೆ ಹುಡುಕುತೀರಿ ತಾಯಿ?" ಎಂದು ಅವರು ಕೇಳಿದಾಗ ಅಮ್ಮ ಬಹಳ ಹೊತ್ತು ಅತ್ತರು. ಆ ಐದು ದಿನಗಳಲ್ಲಿ ಅವರು ಹಾಗೆ ಬಾಯಿಬಿಟ್ಟು ಅತ್ತಿರಲಿಲ್ಲ. ಆಮೇಲೆ ತಾವಾಗಿಯೇ ಆಸ್ಪತ್ರೆಯಲ್ಲಿ ಕೈ ಕಟ್ಟಿದ್ದನ್ನು ಹೇಳಿದರು. ಶಾಸ್ತ್ರಿಗಳು ಅದಕ್ಕೆ ಶ್ಲೋಕ ಹುಡುಕಲಿಲ್ಲ. "ಅದು ಉಳಿಸಿಕೊಳ್ಳೋದಕ್ಕೆ ಕಟ್ಟಿದ್ದು ತಾಯಿ, ಎಳಕೊಂಡು ಹೋಗೋದಕ್ಕಲ್ಲ" ಎಂದರು, ಅಷ್ಟೇ.

ಹಿಂದಿನ ಓದಿನಲ್ಲಿ ಕೈಬಿಟ್ಟುಹೋಗಿದ್ದ ಇನ್ನೊಂದನ್ನು ಅವರು ಎತ್ತಿ ತೋರಿಸಿದರು. ಹದಿನೇಳು ದಿನ ನಡೆದು ಹದಿನೆಂಟನೆಯ ದಿನ ಪ್ರೇತ ಮುಟ್ಟುವ ಮೊದಲ ಪಟ್ಟಣ ಸೌಮ್ಯಪುರ. ಅಲ್ಲಿ ಪುಷ್ಪಭದ್ರಾ ಎಂಬ ನದಿ, ದಡದಲ್ಲಿ ಪ್ರಿಯದರ್ಶನ ಎಂಬ ಆಲದ ಮರ. ಪ್ರೇತ ಆ ಮರದ ಕೆಳಗೆ ವಿಶ್ರಮಿಸಿಕೊಂಡು ಹೆಂಡತಿ ಮಕ್ಕಳನ್ನು ನೆನೆಯುತ್ತದೆ. ಯುವಕರು ಈ ಪ್ರಸಂಗದಲ್ಲಿ ಓದಿದ್ದು ಯಮದೂತರ ಮೂದಲಿಕೆಯನ್ನು ಮಾತ್ರ: ಎಲ್ಲಿ ನಿನ್ನ ಹಣ, ಎಲ್ಲಿ ನಿನ್ನ ಹೆಂಡತಿ ಮಕ್ಕಳು ಎಂಬ ಮಾತು. ಶಾಸ್ತ್ರಿಗಳು ಮೂದಲಿಕೆಯನ್ನೂ ಓದಿದರು, ಆದರೆ ಮರದ ಬಳಿ ನಿಲ್ಲಿಸಿ, ಇಷ್ಟು ಕಠಿಣವಾದ ದಾರಿಯನ್ನು ಹೇಳಿದವರೂ ಹದಿನೆಂಟನೆಯ ದಿನಕ್ಕೆ ಒಂದು ನೆರಳನ್ನು ಇಟ್ಟಿದ್ದಾರೆ ನೋಡಿ ಎಂದರು. ಆ ಆಲದ ಮರವನ್ನು ಅಮ್ಮ ಈಗಲೂ ನೆನೆಸಿಕೊಳ್ಳುತ್ತಾರೆ. ಗೋದಾನದ ಮಾತು ಬಂದಾಗಲೂ ಅವರು ಮುಚ್ಚುಮರೆ ಮಾಡಲಿಲ್ಲ: ಪುಸ್ತಕದಲ್ಲಿ ಅದು ಇದೆ, ಇಲ್ಲ ಎನ್ನುವುದಿಲ್ಲ, ಆದರೆ ಆರೋಗ್ಯವಾಗಿರುವಾಗ ತನ್ನ ಕೈಯಾರೆ ಕೊಟ್ಟದ್ದಕ್ಕೇ ಹೆಚ್ಚಿನ ಫಲ ಎಂದೂ ಅದೇ ಪುಸ್ತಕದಲ್ಲಿ ಇದೆ, ಶಕ್ತಿಯಿದ್ದಷ್ಟು ಕೊಡಿ, ಹೆದರಿ ಕೊಡಬೇಡಿ ಎಂದರು.

ಒಂಬತ್ತನೆಯ ಸಂಜೆ ಓದು ಮುಗಿಯಿತು. ಹದಿನೈದು ಮತ್ತು ಹದಿನಾರನೆಯ ಅಧ್ಯಾಯಗಳು ಉಳಿದವು. ಒಪ್ಪಂದ ಒಂಬತ್ತು ಸಂಜೆಯದು, ಮೊದಲ ಐದನ್ನು ನರಕಗಳೇ ತೆಗೆದುಕೊಂಡಿದ್ದವು. ಹೊರಡುವಾಗ ಶಾಸ್ತ್ರಿಗಳು ನನ್ನನ್ನು ಕರೆದು, "ಹದಿನಾರನೇದನ್ನ ನೀವೇ ಓದಿ, ಅಮ್ಮನಿಗೂ ಓದಿ ಹೇಳಿ" ಎಂದರು.

ಹದಿಮೂರು ದಿನ ಕಳೆದ ಮೇಲೆ ನಾನು ಪುಸ್ತಕದ ಅಂಗಡಿಗೆ ಹೋಗಿ ಕನ್ನಡ ತಾತ್ಪರ್ಯವಿರುವ ಪ್ರತಿಯನ್ನು ಕೇಳಿದಾಗ, ಅಂಗಡಿಯವರು ಕೈಯಲ್ಲಿದ್ದ ಬಿಲ್ಲು ಕೆಳಗಿಟ್ಟು "ಮನೇಲಿ ಏನಾದರೂ ಆಯ್ತಾ ಅಮ್ಮಾ?" ಎಂದು ಕೇಳಿದರು. ಆಮೇಲೆ ಪುಸ್ತಕವನ್ನು ಹೆಸರು ಕಾಣದಂತೆ ಪತ್ರಿಕೆಯಲ್ಲಿ ಸುತ್ತಿಕೊಟ್ಟರು. ಗರುಡ ಪುರಾಣವನ್ನು ಮನೆಯಲ್ಲಿಡಬಾರದು, ಸೂತಕವಿಲ್ಲದಾಗ ಓದಬಾರದು ಎಂಬ ನಂಬಿಕೆಯನ್ನು ಗೌರವಿಸಿಯೇ ಅವರು ಹಾಗೆ ಮಾಡಿದ್ದು, ಅದರಲ್ಲಿ ಅಂತಃಕರಣವೂ ಇತ್ತು. ಆದರೆ ಈ ನಂಬಿಕೆಯ ಫಲವಾಗಿ ಏನಾಗಿದೆ ಎಂಬುದನ್ನು ಯೋಚಿಸಬೇಕು. ಮನಸ್ಸು ಗಟ್ಟಿಯಾಗಿರುವಾಗ, ಪ್ರಶ್ನೆ ಕೇಳುವ ಶಕ್ತಿಯಿರುವಾಗ ಯಾರೂ ಇದನ್ನು ಓದುವುದಿಲ್ಲ; ನಿದ್ದೆಗೆಟ್ಟು, ಉಪವಾಸವಿದ್ದು, ಅತ್ತು ಅತ್ತು ಸೋತಿರುವ ಹದಿಮೂರು ದಿನಗಳಲ್ಲಿ, ಅದೂ ಬೇರೆಯವರ ಬಾಯಿಂದ, ಅವರು ಆರಿಸಿದಷ್ಟನ್ನು ಮಾತ್ರ ಕೇಳುತ್ತೇವೆ. ಹೀಗಿರುವಾಗ ಓದುವವರ ಆಯ್ಕೆಯೇ ನಮ್ಮ ಪಾಲಿಗೆ ಇಡೀ ಪುರಾಣವಾಗಿಬಿಡುತ್ತದೆ.

ಹದಿನಾರನೆಯ ಅಧ್ಯಾಯವನ್ನು ಓದಿದಾಗ ನನಗೆ ಸಿಟ್ಟು ಬಂತು, ಇಷ್ಟು ದಿನ ಇದನ್ನು ಯಾರೂ ಹೇಳಲಿಲ್ಲವಲ್ಲ ಎಂದು. ಅಲ್ಲಿ ವಿಷ್ಣು ಗರುಡನಿಗೆ ಹೇಳುವ ಮಾತುಗಳು ಬೇರೆಯೇ ಧಾಟಿಯವು. ಮಣ್ಣು ಬೂದಿಗಳನ್ನು ಮೈಗೆ ಬಳಿದುಕೊಂಡ ಮಾತ್ರಕ್ಕೆ ಮುಕ್ತಿ ಸಿಗುವುದಾದರೆ ಸದಾ ಮಣ್ಣು ಬೂದಿಯಲ್ಲೇ ಹೊರಳುವ ನಾಯಿಗೆ ಮುಕ್ತಿ ಸಿಗುತ್ತದೆಯೇ? ಹುಲ್ಲು, ಎಲೆ, ನೀರು ತಿಂದು ಕಾಡಿನಲ್ಲೇ ಇರುವ ನರಿ, ಇಲಿ, ಜಿಂಕೆಗಳು ತಪಸ್ವಿಗಳೇ? ಹುಟ್ಟಿನಿಂದ ಸಾವಿನವರೆಗೆ ಗಂಗೆಯಲ್ಲೇ ಇರುವ ಕಪ್ಪೆ, ಮೀನುಗಳು ಯೋಗಿಗಳೇ? ಭಯಕ್ಕೆ ಸಂಬಂಧಿಸಿದ ಒಂದು ಮಾತಂತೂ ಅಲ್ಲಿ ನೇರವಾಗಿಯೇ ಇದೆ: ನರಕವೆಂಬ ರೋಗಕ್ಕೆ ಇಲ್ಲಿಯೇ ಚಿಕಿತ್ಸೆ ಮಾಡಿಕೊಳ್ಳದವನು, ಔಷಧವೇ ಇಲ್ಲದ ದೇಶಕ್ಕೆ ಹೋದ ಮೇಲೆ ಏನು ಮಾಡಿಯಾನು? ರೋಗ, ಚಿಕಿತ್ಸೆ, ಔಷಧ ಎಂಬ ಈ ಮಾತುಗಳಲ್ಲಿ ಗ್ರಂಥವೇ ತನ್ನ ಮೊದಲ ಐದು ಅಧ್ಯಾಯಗಳ ಉದ್ದೇಶವನ್ನು ಹೇಳಿಕೊಂಡಿದೆ ಎಂದು ನಾನು ತಿಳಿಯುತ್ತೇನೆ. ರೋಗದ ಲಕ್ಷಣಗಳನ್ನು ಐದು ಸಂಜೆ ವಿವರಿಸಿ, ಔಷಧದ ಪುಟ ಬರುವ ಮೊದಲೇ ಪುಸ್ತಕ ಮಡಚಿ ಹೋಗುವ ವೈದ್ಯರನ್ನು ನಾವು ಒಪ್ಪುತ್ತೇವೆಯೇ? ಈ ಸೇವೆಯ ಓದಿನ ಮೇಲಿರುವ ನನ್ನ ಮುಖ್ಯ ಆಕ್ಷೇಪ ಇದೇ. ನರಕದ ಅಧ್ಯಾಯಗಳನ್ನು ಓದಬಾರದೆಂದು ನಾನು ಹೇಳುತ್ತಿಲ್ಲ. ಓದಲಿ, ಆದರೆ ದಕ್ಷಿಣ ದ್ವಾರದಲ್ಲಿ ನಮ್ಮನ್ನು ನಿಲ್ಲಿಸಿ ಹೋಗದಿರಲಿ.

ಹತ್ತನೆಯ ದಿನದ ಬಗ್ಗೆ ಹೇಳದಿದ್ದರೆ ಈ ವಿಮರ್ಶೆ ಅಪೂರ್ಣವಾಗುತ್ತದೆ. ಶ್ರೀರಂಗಪಟ್ಟಣದ ಬಳಿ ಕಾವೇರಿ ಪಶ್ಚಿಮಕ್ಕೆ ತಿರುಗಿ ಹರಿಯುವ ಆ ದಡದಲ್ಲಿ, ಬಂಧುಗಳು ಎಳ್ಳುನೀರು ಬಿಡುವ ಧರ್ಮೋದಕ ಮುಗಿದ ಮೇಲೆ ಪಿಂಡವನ್ನು ಬಾಳೆಯೆಲೆಯಲ್ಲಿಟ್ಟು ಕಾಗೆಗಾಗಿ ಕಾಯಬೇಕು. ಕಾಗೆ ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎಂದು ಅರ್ಥ. ಅಂದು ಪಕ್ಕದ ಮೂರು ಕುಟುಂಬಗಳ ಎಲೆಗಳಿಗೆ ಕಾಗೆ ಬಂತು, ನಮ್ಮದಕ್ಕೆ ಬರಲಿಲ್ಲ. ಇಪ್ಪತ್ತು ನಿಮಿಷ ಕಾದೆವು. ಬಂಧುಗಳು ಒಬ್ಬೊಬ್ಬರಾಗಿ ಮುಂದೆ ಬಂದು, ಅಪ್ಪನಿಗೆ ಕೇಳಿಸುವಂತೆ, ನಿಮ್ಮ ಹೆಂಡತಿಯನ್ನು ನೋಡಿಕೊಳ್ಳುತ್ತೇವೆ, ಮೊಮ್ಮಗಳ ಓದು ನಿಲ್ಲಿಸುವುದಿಲ್ಲ ಎಂದು ಮಾತು ಕೊಡತೊಡಗಿದರು. ತಮ್ಮನ ಮುಖ ಬಿಳಿಚಿಕೊಂಡಿತ್ತು. ಆಗ ಪುರೋಹಿತರು ನಡೆದುಕೊಂಡ ರೀತಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಅವರು ಕಾಗೆಯ ಮಾತನ್ನೇ ಎತ್ತದೆ, ತಮ್ಮನ ಪಕ್ಕದಲ್ಲಿ 'ನಾನೂ ಕಾಯುತ್ತೇನೆ' ಎನ್ನುವಂತೆ ಮೆಟ್ಟಿಲ ಮೇಲೆ ಕುಳಿತರು. ಕೊನೆಗೆ ಅಮ್ಮ ಎಲೆಯ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಏನೋ ಹೇಳಿ ಬಂದರು. ಏನೆಂದು ನಾವು ಕೇಳಲಿಲ್ಲ. ಎರಡು ಕಾಗೆಗಳು ಬಂದವು. ಆ ಇಪ್ಪತ್ತು ನಿಮಿಷದಲ್ಲಿ "ಶಾಂತಿ ಮಾಡಿಸಬೇಕು" ಎಂದು ಯಾರಾದರೂ ಒಂದು ಮಾತು ಹೇಳಿದ್ದರೆ ನಾವು ಎಷ್ಟು ಹಣವನ್ನಾದರೂ ಕೊಡುತ್ತಿದ್ದೆವು. ಅವರು ಹೇಳಲಿಲ್ಲ.

ಆ ದಿನಗಳಲ್ಲಿ ನಮ್ಮ ಎದುರು ಮನೆಯ ಲಿಂಗಾಯತ ಅಜ್ಜಿ ದಿನವೂ ಬಂದು ಅಮ್ಮನ ಬಳಿ ಕೂರುತ್ತಿದ್ದರು. ಅವರಲ್ಲಿ ಪಿಂಡವಿಲ್ಲ, ಪ್ರೇತದ ನಡಿಗೆಯಿಲ್ಲ, ಲಿಂಗೈಕ್ಯರಾದವರನ್ನು ಕುಳಿತ ಭಂಗಿಯಲ್ಲಿ ಸಮಾಧಿ ಮಾಡುತ್ತಾರೆ. "ನಮ್ಮಲ್ಲಿ ಮರಣವೇ ಮಹಾನವಮಿ ಅಂತಾರೆ ಕಣವ್ವ" ಎಂದು ಒಮ್ಮೆ ಹೇಳಿದರು. ಅಮ್ಮ ತಲೆಯಾಡಿಸಿದರು, ಆದರೆ ಆ ಮಾತು ಅವರಿಗೆ ಹಿಡಿಯಲಿಲ್ಲ. ಚಿಕ್ಕಂದಿನಿಂದ ವೈತರಣಿಯ ಹೆಸರು ಕೇಳಿ ಬೆಳೆದವರಿಗೆ ಆ ನದಿ ಇಲ್ಲವೇ ಇಲ್ಲ ಎಂದರೆ ಸಮಾಧಾನವಾಗುವುದಿಲ್ಲ. ದಾಟುವ ದಾರಿಯನ್ನು ಅದೇ ಪುಸ್ತಕದಿಂದ ತೋರಿಸಿದವರಿಂದಲೇ ಅವರಿಗೆ ಸಮಾಧಾನ ಸಿಕ್ಕಿತು. ಶಾಸ್ತ್ರಿಗಳು ಮಾಡಿದ್ದು ಅದನ್ನೇ.

ಐದು ನಕ್ಷತ್ರಗಳಲ್ಲಿ ಎಷ್ಟು ಎಂದು ಕೇಳುವವರಿಗೆ ನನ್ನ ಲೆಕ್ಕ ಇದು: ಕರ್ಮಾಂಗಕ್ಕೆ ಐದು, ಹಣಕಾಸಿನ ನಡವಳಿಕೆಗೆ ಎರಡು, ಓದಿಗೆ, ಯಾರು ಬರುತ್ತಾರೆ ಎಂಬುದರ ಮೇಲೆ, ಒಂದು ಅಥವಾ ಐದು. ಗೊತ್ತುಮಾಡುವಾಗ ದುಃಖದ ನಡುವೆಯೂ ಮೂರು ಮಾತುಗಳನ್ನು ಮನೆಯಲ್ಲಿ ಒಬ್ಬರಾದರೂ ಕೇಳಬೇಕು. ಯಾವ ದಾನ ಒಳಗೆ ಸೇರಿದೆ, ಯಾವುದು ಸೇರಿಲ್ಲ ಎಂಬುದನ್ನು ಮೊದಲ ದಿನವೇ ಬರೆದುಕೊಡಿ ಎನ್ನಬೇಕು. ಹಣದ ಮಾತನ್ನು ಹೋದವರ ಹೆಂಡತಿಯ ಅಥವಾ ಗಂಡನ ಮುಂದೆ ಆಡಬೇಡಿ ಎನ್ನಬೇಕು. ಹದಿನಾರೂ ಅಧ್ಯಾಯಗಳನ್ನು ಓದುತ್ತೀರಾ, ಓದುವವರು ಯಾರು ಎಂದು ಕೇಳಬೇಕು. ಸಂಜೆಗಳು ಸಾಲದಿದ್ದರೆ ನರಕಗಳಿಗೆ ಒಂದು ಸಂಜೆ ಸಾಕು, ಕೊನೆಯ ಅಧ್ಯಾಯಕ್ಕೆ ಎರಡು ಬೇಕು. ಮಕ್ಕಳನ್ನು ಯಾವ ಸಂಜೆ ಕೂರಿಸಬೇಕು ಎಂಬುದನ್ನೂ ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು. ನನ್ನ ತಮ್ಮನ ಒಂಬತ್ತು ವರ್ಷದ ಮಗಳು ಇಂದಿಗೂ ರಾತ್ರಿ ಒಬ್ಬಳೇ ಬಚ್ಚಲಿಗೆ ಹೋಗುವುದಿಲ್ಲ.

ಮುಂದಿನ ತಿಂಗಳ ವರ್ಷಾಬ್ದಿಕಕ್ಕೆ ಅದೇ ಸಂಸ್ಥೆಗೆ ಹೇಳಿದ್ದೇವೆ. ಪುರೋಹಿತರು ಅವರೇ ಬರಬೇಕು, ಹಿಂದಿನ ಸಂಜೆ ಶಾಸ್ತ್ರಿಗಳು ಬಂದು ಹದಿನಾರನೆಯ ಅಧ್ಯಾಯವನ್ನು ಓದಬೇಕು ಎಂದು ಕೇಳಿದೆ. ವರ್ಷಾಬ್ದಿಕದಲ್ಲಿ ಗರುಡ ಪುರಾಣ ಓದುವ ಪದ್ಧತಿಯಿಲ್ಲ ಎಂದು ಮೊದಲು ಹೇಳಿದರು. ಎರಡು ದಿನದ ನಂತರ ಶಾಸ್ತ್ರಿಗಳೇ ಫೋನ್ ಮಾಡಿ, ಬರುತ್ತೇನೆ, ಅದಕ್ಕೆ ದಕ್ಷಿಣೆ ಬೇಡ ಎಂದರು. ಪುಸ್ತಕವನ್ನು ದೇವರ ಮನೆಯಲ್ಲಿಡಲು ಅಮ್ಮ ಇನ್ನೂ ಒಪ್ಪಿಲ್ಲ. ಅದಕ್ಕೆ ಸುತ್ತಿದ್ದ ಪತ್ರಿಕೆಯನ್ನು ಮಾತ್ರ ತೆಗೆದುಹಾಕಿ, ಅಪ್ಪನ ಮೇಜಿನ ಮೇಲೆ, ಅವರು ಕೆರೆಗಳ ಅಳತೆ ಬರೆದಿಟ್ಟ ಹಳೆಯ ಡೈರಿಗಳ ಪಕ್ಕದಲ್ಲಿ ಇಟ್ಟಿದ್ದಾರೆ.